ಆಪತ್ತಿನ ಕೂಗು, ಪೊಲೀಸರ ಕಿವಿ

ರೇಡಿಯೋ ಎಂದೊಡನೆ ನಮಗೆ ನೆನಪಾಗುವುದು ಸಂಗೀತ, ವಾರ್ತೆ, ನಾಟಕ. ಅದೇ ಯಂತ್ರ ಕಳ್ಳರ ಬೆನ್ನಟ್ಟುವ ಕೆಲಸಕ್ಕೂ ಇಳಿದ ಕಥೆ ಸ್ವಾರಸ್ಯವಾದುದು.

ಅಮೆರಿಕದ ಡೆಟ್ರಾಯಿಟ್ ಮೋಟಾರು ಕಾರುಗಳ ತವರು. ಕಳ್ಳನಿಗೂ ಕಾರು ದೊರೆತ ಮೇಲೆ ಕಾಲುನಡಿಗೆಯ ಪೇದೆ ಅವನನ್ನು ಹಿಡಿಯುವುದೆಂತು? ಪೊಲೀಸರಿಗೂ ಕಾರು ಬಂದಿತು. ಆದರೆ ಠಾಣೆ ಬಿಟ್ಟು ಹೊರಟ ಕಾರಿಗೆ ಸುದ್ದಿ ಮುಟ್ಟಿಸುವುದು ಕಷ್ಟವಾಯಿತು. 1920ರ ದಶಕದಲ್ಲಿ ಅಲ್ಲಿಯವರು ಕಾರಿನೊಳಗೆ ರೇಡಿಯೋ ಇರಿಸಿ ನೋಡಿದರು. ಓಟದ ಅಲುಗಾಟಕ್ಕೆ ಅದು ಪದೇ ಪದೇ ಕೆಡುತ್ತಿತ್ತು. ಸಾಲದ್ದಕ್ಕೆ ಆ ಕೇಂದ್ರಕ್ಕೆ ದೊರೆತದ್ದು ಮನರಂಜನೆಯ ಪರವಾನಗಿ. ಪೊಲೀಸರು ಸಂಗೀತವನ್ನೂ ಪ್ರಸಾರ ಮಾಡಬೇಕಾಯಿತು! ಗಟ್ಟಿಮುಟ್ಟಾದ ಗ್ರಾಹಕ ಯಂತ್ರ ಸಿದ್ಧವಾಗಿ ಸೇವೆ ನೆಲೆನಿಂತದ್ದು 1928ರ ಏಪ್ರಿಲಿನಲ್ಲಿ.

ಆದರೂ ಕಾರಿಗೆ ಕಿವಿ ಬಂದಿತ್ತೇ ಹೊರತು ಬಾಯಿ ಬಂದಿರಲಿಲ್ಲ. ಪೇದೆಗೆ ಮಾತು ಕೇಳಿಸಿತೋ ಇಲ್ಲವೋ ಠಾಣೆಗೆ ತಿಳಿಯುವಂತಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯೊನ್ ಪಟ್ಟಣದ ಪೊಲೀಸ್ ಕಾರುಗಳಿಗೆ ಮರುಮಾತಾಡುವ ರೇಡಿಯೋ ಬಂದು ಈ ಕೊರತೆ ನೀಗಿತು.

ಪೊಲೀಸರು ತಮ್ಮೊಳಗೆ ಮಾತಾಡಿಕೊಂಡರೆ ಸಾಲದು; ಆಪತ್ತಿಗೊಳಗಾದವರ ಕೂಗು ಮೊದಲು ಅವರನ್ನು ಮುಟ್ಟಬೇಕು. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದಿತು. ನೆರೆಯವರೊಬ್ಬರು ಟೆಲಿಫೋನ್ ಎತ್ತಿದರೆ, ಅವರ ಕರೆಯೂ ಮಿಕ್ಕ ಕರೆಗಳ ಸಾಲಿನಲ್ಲಿ ಕಾಯುತ್ತ ನಿಂತಿತು. ಆ ಬೆಂಕಿಯಲ್ಲಿ ಐವರು ಹೆಂಗಸರು ಪ್ರಾಣಬಿಟ್ಟರು. ಈ ಸಂಗತಿ ಪತ್ರಿಕೆಗೇರಿ, ವಿಚಾರಣೆಯಾಗಿ, 1937ರ ಜೂನ್ 30ರಂದು ಅಲ್ಲಿ 999 ಎಂಬ ತುರ್ತು ಸಂಖ್ಯೆ ಜಾರಿಗೆ ಬಂದಿತು. ಅದನ್ನು ತಿರುಗಿಸಿದೊಡನೆ ಟೆಲಿಫೋನ್ ಕೇಂದ್ರದಲ್ಲಿ ಕೆಂಪು ದೀಪ ಬೆಳಗಿ, ಎಚ್ಚರಿಕೆಯ ಸದ್ದು ಮೊಳಗುತ್ತಿತ್ತು.

ಇಂದು ನಮ್ಮಲ್ಲಿ ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವಿಗೆಲ್ಲ 112 ಎಂಬ ಒಂದೇ ಸಂಖ್ಯೆಯಿದೆ. ಮೊಬೈಲ್ ಕರೆ ಎಲ್ಲಿಂದ ಬಂತೆಂದು ಯಂತ್ರ ಅಂದಾಜು ಮಾಡಬಲ್ಲುದು. ಆದರೆ ಅಂದಾಜು ಗಲ್ಲಿಯವರೆಗೆ ಕರೆತಂದೀತು. ಬಾಗಿಲು ತೋರಿಸಬೇಕಾದವರು ನಾವು. ಆದುದರಿಂದ ಕರೆ ಮಾಡಿದಾಗ ಮೊದಲು ಸ್ಥಳ ಹೇಳಿ: ಬೀದಿ, ತಿರುವು, ಹತ್ತಿರದ ಗುಡಿಯೋ ಶಾಲೆಯೋ. ಆಮೇಲೆ ನಡೆದ ಸಂಗತಿ. ಅತ್ತಣವರು ಸಾಕೆನ್ನುವ ಮೊದಲು ಫೋನ್ ಇಡಬೇಡಿ.

ಇದನ್ನು ಮನೆಯ ಮಕ್ಕಳಿಗೂ ಕಲಿಸಿರಿ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿರಿ: ಹುಡುಗಾಟಕ್ಕೆಂದು ಮಾಡಿದ ಒಂದು ಕರೆಯ ಹಿಂದೆ, ಯಾರದೋ ಮನೆಯ ನಿಜವಾದ ಕೂಗು ಸಾಲಿನಲ್ಲಿ ಕಾಯುತ್ತಿರಬಹುದು.