ನಿಲ್ಲುವ ಎಡೆ: ಪೂರ್ವ ಬೆಂಗಳೂರಿನ ಬಾಡಿಗೆ ಸ್ಕೂಟರುಗಳೂ ನಗರಾಡಳಿತವೂ



ದತ್ತಿ ಉಪನ್ಯಾಸದ ವೇದಿಕೆಯ ಮೇಲೆ ಕಾವ್ಯವನ್ನೋ ಶಾಸನವನ್ನೋ ದರ್ಶನವನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ನಡೆದುಬಂದ ರೂಢಿಯಾಗಿರುವಾಗ, ಬೀದಿಯ ಅಂಚಿನಲ್ಲಿ ನಿಂತು ಮುಂದಿನ ಸವಾರನಿಗಾಗಿ ಕಾದಿರುವ ಬಾಡಿಗೆಯ ವಿದ್ಯುತ್ ಸ್ಕೂಟರನ್ನು ವಿಷಯವಾಗಿ ಆರಿಸಿಕೊಂಡದ್ದಕ್ಕೆ ಮೊದಲು ಕಾರಣವನ್ನು ನಿವೇದಿಸಬೇಕು. ಮನೆ, ಅಂಗಡಿ, ಕಾರ್ಖಾನೆಗಳೆಲ್ಲ ಒಬ್ಬೊಬ್ಬರ ಸ್ವತ್ತಾಗಿರುವ ನಗರದಲ್ಲಿ ಧನಿಕನಿಗೂ ದರಿದ್ರನಿಗೂ ಸಮನಾಗಿ ಸಲ್ಲತಕ್ಕ ಆಸ್ತಿಯೆಂದರೆ ಬೀದಿಯೊಂದೇ. ಆ ಬೀದಿಯಲ್ಲಿ ಯಾರು ನಡೆಯಬಹುದು, ಯಾರು ನಿಲ್ಲಬಹುದು, ಅಲ್ಲಿ ನಿಂತು ಲಾಭ ಗಳಿಸುವವನು ಊರಿಗೆ ಯಾವ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಗಳು ನಗರಾಡಳಿತದ ಮೂಲಕ್ಕೆ ಸೇರಿದವು. ಈ ಪುಟ್ಟ ವಾಹನ ಅವುಗಳನ್ನು ಮತ್ತೊಮ್ಮೆ ನಮ್ಮ ಮುಂದಿಟ್ಟಿದೆ. ಇದು ದಿನದಲ್ಲಿ ಓಡುವ ಹೊತ್ತಿಗಿಂತ ನಿಂತಿರುವ ಹೊತ್ತು ಹೆಚ್ಚಾಗಿರುವುದರಿಂದ, ಇದಕ್ಕೆ ನಿಲ್ಲುವ ಎಡೆಯನ್ನು ಗೊತ್ತುಮಾಡಿಕೊಡುವುದೂ, ಕೊಟ್ಟ ಎಡೆಗೆ ಪ್ರತಿಯಾಗಿ ಹೊಣೆಯನ್ನು ವಹಿಸಿ ಲೆಕ್ಕ ಕೇಳುವುದೂ ಊರಿನ ಮೊದಲ ಕರ್ತವ್ಯವೆಂಬುದೇ ನನ್ನ ಮಾತಿನ ತಿರುಳು. ವೇಗದ ಮಿತಿ, ಯಂತ್ರದ ಗುಣ ಮೊದಲಾದವು ಅದರ ನಂತರದ ವಿಚಾರಗಳು.

ಬಾಡಿಗೆಯ ವಾಹನವನ್ನು ಹದ್ದಿನಲ್ಲಿಡುವ ಕೆಲಸ ನಮ್ಮ ಕಾಲದ ಆವಿಷ್ಕಾರವೇನೂ ಅಲ್ಲ. ಲಂಡನ್ ನಗರದಲ್ಲಿ 1662ರ ಶಾಸನವೊಂದು ಬಾಡಿಗೆ ಸಾರೋಟುಗಳ ಸಂಖ್ಯೆಯನ್ನು 400ಕ್ಕೆ ಮಿತಗೊಳಿಸಿ, ಪ್ರತಿಯೊಂದಕ್ಕೂ ಪರವಾನಗಿಯನ್ನು ವಿಧಿಸಿತ್ತು. ನಮ್ಮ ದಂಡು ಪ್ರದೇಶದ ಇತಿಹಾಸವನ್ನು ನೋಡಿದರೂ, 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನೆ ಇತ್ತ ಬಂದು ನೆಲೆಸಿ, 1864ರಲ್ಲಿ ಜೋಲಾರಪೇಟೆಯಿಂದ ರೈಲು ಕಂಟೋನ್ಮೆಂಟಿಗೆ ತಲಪಿದ ಮೇಲೆ, ನಿಲ್ದಾಣದಿಂದ ಮನೆಗೆ, ಮಾರುಕಟ್ಟೆಯಿಂದ ಕೇರಿಗೆ ಜನರನ್ನೂ ಸರಕನ್ನೂ ಸಾಗಿಸುತ್ತಿದ್ದ ಜಟಕಾಗಳಿಗೆ ಸ್ಟ್ಯಾಂಡು ಎಂಬುದೊಂದು ಇತ್ತು. ಕುದುರೆಗೆ ನೀರಿನ ತೊಟ್ಟಿ ಇತ್ತು. ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವ ಸ್ವಾತಂತ್ರ್ಯ ಗಾಡಿಯವನಿಗೆ ಇರಲಿಲ್ಲ. ಆ ಸ್ಟ್ಯಾಂಡು ಗಾಡಿಯವನನ್ನು ಕಟ್ಟಿಹಾಕಿದ ಹಾಗೆಯೇ ಅವನನ್ನು ಕಾಪಾಡುತ್ತಲೂ ಇತ್ತು: ಅಲ್ಲಿ ನಿಲ್ಲುವುದು ಅವನ ಹಕ್ಕಾಗಿತ್ತು, ಅಲ್ಲಿಂದ ಅವನನ್ನು ಓಡಿಸುವ ಅಧಿಕಾರ ಅಂಗಡಿಯವನಿಗೆ ಇರಲಿಲ್ಲ. ಆಟೋರಿಕ್ಷಾ ಬಂದಾಗಲೂ ಈ ಕ್ರಮ ಕೆಲಮಟ್ಟಿಗೆ ಉಳಿಯಿತು. ಸ್ಟ್ಯಾಂಡೇ ಇಲ್ಲದ ಬಾಡಿಗೆ ವಾಹನ ನಮ್ಮ ಬೀದಿಗೆ ಬಂದದ್ದು ಈಚಿನ ಮಾತು.

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋದ ಮೊದಲ ಹಾದಿ ತೆರೆದದ್ದು ನಗರದ ಈ ಭಾಗದಲ್ಲಿಯೇ. ಬೈಯಪ್ಪನಹಳ್ಳಿಯಿಂದ ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿಗಳ ಮೂಲಕ ಮಹಾತ್ಮ ಗಾಂಧಿ ರಸ್ತೆಯವರೆಗೆ. ರೈಲು ಜನರನ್ನು ಕ್ಷಣದಲ್ಲಿ ನಿಲ್ದಾಣಕ್ಕೆ ತಂದು ಬಿಟ್ಟಿತೇ ಹೊರತು, ನಿಲ್ದಾಣದಿಂದ ಮನೆಬಾಗಿಲವರೆಗಿನ ಒಂದೆರಡು ಮೈಲಿಯ ದಾರಿ ಹಾಗೆಯೇ ಉಳಿಯಿತು. ಆ ತೆರಪಿನಲ್ಲಿ ಸುಮಾರು 2018ರಿಂದ ಬೌನ್ಸ್, ವೋಗೊ, ಯುಲು ಎಂಬ ಹೆಸರಿನ ವಾಹನಗಳು ಕಾಣಿಸಿಕೊಂಡವು. ಮೊಬೈಲಿನಲ್ಲಿ ಹುಡುಕಿ, ಬೀಗ ತೆರೆದು, ಓಡಿಸಿಕೊಂಡು ಹೋಗಿ, ಬೇಕಾದ ಕಡೆ ಬಿಟ್ಟುಹೋಗುವ ಈ ಸೌಕರ್ಯ ಅದುವರೆಗೆ ಊರಿಗೆ ಅಪರಿಚಿತವಾಗಿತ್ತು. ಮೈಸೂರಿನಲ್ಲಿ 2017ರ ಜೂನಿನಲ್ಲಿ 450 ಬೈಸಿಕಲ್ಲುಗಳೊಡನೆ ಪ್ರಾರಂಭವಾದ ಟ್ರಿಣ್ ಟ್ರಿಣ್ ವ್ಯವಸ್ಥೆಗೆ ನಿಯತವಾದ ನಿಲ್ದಾಣಗಳಿದ್ದವು. ಬೈಸಿಕಲ್ಲನ್ನು ತೆಗೆದುಕೊಂಡವನು ಅಂಥದೇ ಮತ್ತೊಂದು ನಿಲ್ದಾಣಕ್ಕೆ ಮುಟ್ಟಿಸಬೇಕಾಗಿತ್ತು. ಬೆಂಗಳೂರು ಈ ನಿರ್ಬಂಧವನ್ನು ಕೈಬಿಟ್ಟಿತು, ಅಥವಾ ಕೈಬಿಟ್ಟದ್ದನ್ನು ನೋಡುತ್ತ ಕುಳಿತಿತು ಎನ್ನಬೇಕು. ನಗರ ಭೂಸಾರಿಗೆ ನಿರ್ದೇಶನಾಲಯ ಸಾರ್ವಜನಿಕ ಬೈಸಿಕಲ್ ಹಂಚಿಕೆಗೆ ಪರವಾನಗಿಯ ಕ್ರಮವೊಂದನ್ನು ರೂಪಿಸಿದ್ದು ಶ್ಲಾಘನೀಯ. ಆದರೆ ಬೈಸಿಕಲ್ಲು ಬೇಗನೆ ಮರೆಗೆ ಸರಿದು, ವಿದ್ಯುತ್ತಿನ ಬಂಡಿ ಅದರ ಜಾಗಕ್ಕೆ ಬಂದಿತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ತಾವು ಸಮಾಧಾನದಿಂದ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಬೌನ್ಸ್, ವೋಗೊಗಳು ಓಡಿಸಿದ ಪೆಟ್ರೋಲ್ ಸ್ಕೂಟರುಗಳು ಮೋಟಾರು ವಾಹನಗಳೇ; 1988ರ ಮೋಟಾರು ವಾಹನ ಕಾಯಿದೆಯ 75ನೆಯ ಪ್ರಕರಣದ ಅಡಿಯಲ್ಲಿ 1997ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಮೋಟಾರ್‌ಸೈಕಲ್ ಬಾಡಿಗೆ ಯೋಜನೆಗೆ ಅವು ಒಳಪಟ್ಟಿದ್ದವು; ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನೋಂದಣಿ ಸಂಖ್ಯೆ ಅವುಗಳ ಗುರುತು. ಯುಲುವಿನ ಬಂಡಿಯಾದರೋ ಬೇರೆ ವರ್ಗದ್ದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಾಗಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರನ್ನು ಮುಟ್ಟದೆ, ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋಗ್ರಾಮನ್ನು ಮೀರದಿದ್ದರೆ, ಅಧಿಕೃತ ಪರೀಕ್ಷಾಸಂಸ್ಥೆಯ ದೃಢೀಕರಣವಿರುವ ಆ ಬಂಡಿಯನ್ನು ಮೋಟಾರು ವಾಹನವೆಂದು ಪರಿಗಣಿಸತಕ್ಕದ್ದಲ್ಲ. ಮೋಟಾರು ವಾಹನವಲ್ಲವಾದ ಮೇಲೆ ಅದಕ್ಕೆ ನೋಂದಣಿ ಬೇಡ, ಸವಾರನಿಗೆ ಚಾಲನಾ ಪರವಾನಗಿ ಬೇಡ, ಆ ಕಾಯಿದೆ ವಿಧಿಸುವ ಹೆಲ್ಮೆಟ್ಟಿನ ಕಡ್ಡಾಯವೂ ಇಲ್ಲ. ವಿದ್ಯಾರ್ಥಿಗೆ, ಪರವೂರಿನಿಂದ ಕೆಲಸ ಹುಡುಕಿಕೊಂಡು ಬಂದ ತರುಣನಿಗೆ, ಪರವಾನಗಿ ಪಡೆಯುವ ಅವಕಾಶವೇ ಇಲ್ಲದ ಹೆಣ್ಣುಮಗಳಿಗೆ ಇದರಿಂದ ತೆರೆದ ದಾರಿ ಚಿಕ್ಕದಲ್ಲ. ಈ ವಿನಾಯಿತಿಯನ್ನು ರದ್ದು ಮಾಡಬೇಕೆಂದು ಕೂಗುವವರೊಡನೆ ನಾನು ಸೇರಲಾರೆ.

ಆದರೆ ಆ ವಿನಾಯಿತಿಯ ಇನ್ನೊಂದು ಮುಖವನ್ನು ಯಾರೂ ಸಾಕಷ್ಟು ವಿಚಾರಿಸಿದಂತೆ ಕಾಣೆ. ಮೋಟಾರು ವಾಹನ ಕಾಯಿದೆ ಕೇವಲ ನಿರ್ಬಂಧಗಳ ಕಟ್ಟಲ್ಲ. ಬೀದಿಯಲ್ಲಿ ಪೆಟ್ಟು ತಿಂದವನಿಗೆ ಅದು ಆಶ್ರಯವೂ ಹೌದು. ವಾಹನದ ಒಡೆಯ ಮೂರನೆಯವರ ಹಾನಿಗೆ ವಿಮೆ ಮಾಡಿಸಿರಬೇಕೆಂಬುದೂ, ಗಾಯಗೊಂಡವನು ಪರಿಹಾರಕ್ಕಾಗಿ ಅಪಘಾತ ಪರಿಹಾರ ನ್ಯಾಯಾಧಿಕರಣದ ಬಾಗಿಲು ತಟ್ಟಬಹುದೆಂಬುದೂ ಆ ಕಾಯಿದೆಯಿಂದ ಬಂದ ರಕ್ಷಣೆಗಳು. ಬಂಡಿ ಕಾಯಿದೆಯ ಹೊರಗೆ ನಿಂತಾಗ, ಹಲಸೂರಿನ ಸೋಮೇಶ್ವರ ದೇವಸ್ಥಾನದ ಬೀದಿಯಲ್ಲಿ ಪೂಜೆಗೆ ಹೊರಟ ವೃದ್ಧೆಯೊಬ್ಬಳಿಗೆ ಅದು ತಾಗಿ ಸೊಂಟದ ಮೂಳೆ ಮುರಿದರೆ, ಆಕೆಯೂ ಆ ಆಶ್ರಯದ ಹೊರಗೇ ಉಳಿಯುತ್ತಾಳೆ. ಸಾಮಾನ್ಯ ಸಿವಿಲ್ ನ್ಯಾಯಾಲಯದ ದೀರ್ಘಮಾರ್ಗವೊಂದೇ ಆಕೆಗೆ ಗತಿ. ಸವಾರನನ್ನು ನಿರ್ಬಂಧದಿಂದ ಬಿಡಿಸುವ ಔದಾರ್ಯ ಪಾದಚಾರಿಯ ರಕ್ಷಣೆಯನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಇಂಥ ಬಂಡಿಗಳನ್ನು ಬಾಡಿಗೆಗೆ ಬಿಡುವ ಸಂಸ್ಥೆ ನಿರ್ದಿಷ್ಟವಾದ ಹೊಣೆವಿಮೆಯನ್ನು ಮಾಡಿಸಿರಬೇಕೆಂದೂ, ದೂರು ಬಂದಾಗ ಆ ಹೊತ್ತಿನ ಸವಾರಿಯ ದಾಖಲೆಯನ್ನು ಒಪ್ಪಿಸಬೇಕೆಂದೂ ಪರವಾನಗಿಯ ಷರತ್ತಿನಲ್ಲಿ ಬರೆದುಬಿಟ್ಟರೆ, ಕೇಂದ್ರದ ನಿಯಮವನ್ನು ತಿದ್ದದೆಯೇ ಈ ನ್ಯೂನತೆಯನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ನಿಲ್ಲುವ ಎಡೆಗೆ ಬರೋಣ. ಇಂದಿರಾನಗರದ ನೂರಡಿ ರಸ್ತೆಗೂ ಶಿವಾಜಿನಗರದ ಗಲ್ಲಿಗಳಿಗೂ ಒಂದೇ ನಿಯಮ ಸಲ್ಲದು. ಮೊದಲನೆಯದು ಯೋಜಿಸಿ ಕಟ್ಟಿದ ಬಡಾವಣೆ. ಅಲ್ಲಿ ರಸ್ತೆಗೆ ಅಗಲವುಂಟು, ಅಡ್ಡರಸ್ತೆಗಳಿಗೆ ಕ್ರಮವುಂಟು. ಕಾರು ನಿಲ್ಲುವ ಒಂದು ಎಡೆಯನ್ನು ತೆಗೆದುಕೊಂಡರೆ ಹಲವು ಸ್ಕೂಟರುಗಳು ಸುಖವಾಗಿ ನಿಲ್ಲುತ್ತವೆ. ಶಿವಾಜಿನಗರದಲ್ಲಾದರೋ, 1927ರ ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ಸಂತ ಮೇರಿಯ ಬೆಸಿಲಿಕಾದ ಮುಂದೆ, ಬಸ್ ನಿಲ್ದಾಣದ ಬಳಿ ಗೇಣು ನೆಲಕ್ಕೂ ಹಳೆಯ ಹಕ್ಕುದಾರರಿದ್ದಾರೆ: ತಳ್ಳುಗಾಡಿಯವನು, ಹೂವಿನವಳು, ಹಮಾಲಿ, ಬುಟ್ಟಿ ಹೊತ್ತವನು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಅವರಲ್ಲಿ ವ್ಯಾಪಾರಿಗಳಾದವರ ಜೀವನೋಪಾಯವನ್ನು ಮಾನ್ಯ ಮಾಡಿದೆ. ಸಮಿತಿ, ಸಮೀಕ್ಷೆ, ಪ್ರಮಾಣಪತ್ರಗಳನ್ನೆಲ್ಲ ದಾಟಿ ಮೂರಡಿ ಜಾಗಕ್ಕೆ ಹೂವಿನವಳು ಕಾಯಬೇಕಾಗಿರುವಾಗ, ಯಾರನ್ನೂ ಕೇಳದೆ ಅದೇ ಮೂರಡಿಯಲ್ಲಿ ಸಂಸ್ಥೆಯೊಂದರ ಸ್ಕೂಟರು ರಾತ್ರಿಹಗಲೂ ನಿಂತಿರಬಹುದೆಂದರೆ ಅದು ನ್ಯಾಯವಲ್ಲ. ಪಾದಚಾರಿಯ ಹಕ್ಕಂತೂ ಇವೆರಡಕ್ಕಿಂತಲೂ ಮೇಲಿನದು. ನಡೆಯಲು ಯೋಗ್ಯವಾದ ಕಾಲುದಾರಿ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಣ್ಣಿಲ್ಲದವನು ಕೋಲಿನಿಂದ ತಡವಿ ನಡೆಯುವಾಗ, ನಿನ್ನೆ ಇಲ್ಲದಿದ್ದ ಬಂಡಿ ಇಂದು ಅಡ್ಡವಾಗಿ ಬಿದ್ದಿದ್ದರೆ ಅವನಿಗಾಗುವ ತೊಂದರೆಯನ್ನು ಕಣ್ಣುಳ್ಳ ನಾವು ಅಳೆಯಲಾರೆವು.

ಇತರ ನಗರಗಳು ನಡೆದ ದಾರಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2018ರ ಮಾರ್ಚಿಯಲ್ಲಿ ಮೂರು ಕಂಪನಿಗಳು ಅಪ್ಪಣೆಯನ್ನು ಬೇಡದೆಯೇ ಸ್ಕೂಟರುಗಳನ್ನು ಬೀದಿಗಿಳಿಸಿದವು. ನಗರ ಜೂನಿನಲ್ಲಿ ಅವನ್ನು ಹೊರಗೆ ಕಳುಹಿಸಿ, ಆಗಸ್ಟಿನಲ್ಲಿ ಬೇರೆ ಎರಡು ಕಂಪನಿಗಳಿಗೆ ಮಿತವಾದ ಸಂಖ್ಯೆಯ ಪರವಾನಗಿಯನ್ನು ಕೊಟ್ಟಿತು. ಸಿಂಗಪುರದಲ್ಲಿ ಅದೇ ವರ್ಷ ಓಬೈಕ್ ಎಂಬ ಸಂಸ್ಥೆ ಗ್ರಾಹಕರ ಠೇವಣಿಯನ್ನು ಹಿಂದಿರುಗಿಸದೆ ಅಂಗಡಿ ಮುಚ್ಚಿ ಹೊರಟುಹೋಯಿತು. ಅಲ್ಲಿ ಈಗ ಬಂಡಿಯನ್ನು ನಿಯತಸ್ಥಳದಲ್ಲಿ ನಿಲ್ಲಿಸಿ, ಅಲ್ಲಿನ ಕ್ಯೂಆರ್ ಫಲಕವನ್ನು ಮೊಬೈಲಿಗೆ ಓದಿಸದೆ ಬಿಟ್ಟುಹೋದವನು ಅಧಿಕ ಶುಲ್ಕ ತೆರಬೇಕು. ಪ್ಯಾರಿಸ್ಸಿನ ಕಥೆ ಹೆಚ್ಚು ಚಿಂತನೀಯ. 2020ರಲ್ಲಿ ಮೂರೇ ಸಂಸ್ಥೆಗಳಿಗೆ ಒಟ್ಟು 15,000 ಸ್ಕೂಟರುಗಳ ಮಿತಿಯನ್ನಿಟ್ಟು, ನಿಲುಗಡೆಗೆ ಗುರುತುಮಾಡಿದ ಎಡೆಗಳನ್ನು ಒದಗಿಸಿ, ವೇಗವನ್ನು ತಗ್ಗಿಸಿದ ಆ ನಗರ 2023ರ ಏಪ್ರಿಲ್ 2ರಂದು ಜನಮತವನ್ನು ಕೇಳಿದಾಗ, ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 89 ಮಂದಿ ಬೇಡವೆಂದರು. ಸೆಪ್ಟೆಂಬರಿನ ಹೊತ್ತಿಗೆ ಬಾಡಿಗೆಯ ಸ್ಕೂಟರು ಅಲ್ಲಿಂದ ಮಾಯವಾಯಿತು. ಮತಕ್ಕೆ ಬಂದವರಾದರೋ ನೂರಕ್ಕೆ ಎಂಟು ಮಂದಿಗಿಂತ ಕಡಿಮೆ. ನಿಯಮಗಳು ಒಳ್ಳೆಯವಾಗಿದ್ದರೂ ಅವು ಬರುವುದರೊಳಗಾಗಿ ಜನರ ಸಹನೆ ತೀರಿಹೋಗಿತ್ತೆಂದು ನಾನು ಆ ಘಟನೆಯನ್ನು ಅರ್ಥಮಾಡುತ್ತೇನೆ. ತಡವಾಗಿ ಬಂದ ಕ್ರಮವನ್ನು ಅಕ್ರಮದ ಹಳೆಯ ನೆನಪು ಸೋಲಿಸಿತು.

ನಮ್ಮಲ್ಲಿ ಈ ಕೆಲಸವನ್ನು ಮಾಡತಕ್ಕವರು ಯಾರು? ಬಂಡಿ ಮೋಟಾರು ವಾಹನವಲ್ಲವಾದುದರಿಂದ ಸಾರಿಗೆ ಇಲಾಖೆ ಸುಮ್ಮನಿರಬಹುದು, ಕಾಲುದಾರಿ ಪಾಲಿಕೆಯದು, ಸಂಚಾರ ಪೊಲೀಸರದು, ನಿಲ್ದಾಣದ ಅಂಗಳ ಮೆಟ್ರೋ ನಿಗಮದ್ದು. ಇದಕ್ಕೆ ಈಗ ಗಡಿಯ ತೊಡಕೂ ಸೇರಿದೆ. 1862ರಿಂದ ಬೇರೆಬೇರೆ ಪುರಸಭೆಗಳನ್ನು ಹೊಂದಿದ್ದ ಪೇಟೆಯೂ ದಂಡೂ 1949ರಲ್ಲಿ ಒಂದೇ ಪಾಲಿಕೆಯಾದವು. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯ ಮೂಲಕ 2025ರ ಸೆಪ್ಟೆಂಬರಿನಿಂದ ನಗರದಲ್ಲಿ ಮತ್ತೆ ಐದು ಪಾಲಿಕೆಗಳಾಗಿವೆ. ಶಿವಾಜಿನಗರ, ಇಂದಿರಾನಗರಗಳು ಕೇಂದ್ರ ನಗರ ಪಾಲಿಕೆಗೂ, ಕೃಷ್ಣರಾಜಪುರ ಪೂರ್ವ ನಗರ ಪಾಲಿಕೆಗೂ ಸೇರುತ್ತವೆ. ಮೆಟ್ರೋ 2023ರ ಮಾರ್ಚಿಯಲ್ಲಿ ಕಾಡುಗೋಡಿಯಿಂದ ಕೃಷ್ಣರಾಜಪುರದವರೆಗೆ ಬಂದು, ಬೈಯಪ್ಪನಹಳ್ಳಿಯ ತುಂಡು ಕೂಡಿಕೊಂಡ ಅಕ್ಟೋಬರಿನವರೆಗೆ ನಡುವಣ ದಾರಿಯನ್ನು ಜನ ಸಂಪರ್ಕ ಬಸ್ಸುಗಳಲ್ಲಿ ಕ್ರಮಿಸಬೇಕಾಯಿತು; ಆ ತಿಂಗಳುಗಳ ಬವಣೆಯನ್ನು ಹಳೇ ಮದರಾಸು ರಸ್ತೆಯವರು ಮರೆತಿರಲಾರರು. ಒಂದು ಪಾಲಿಕೆ ಸ್ಕೂಟರಿಗೆ ಅನುಮತಿ ಕೊಟ್ಟು, ಇನ್ನೊಂದು ಕೊಡದೆ ಇದ್ದರೆ ಅಂಥದೇ ತುಂಡರಿಕೆ ನೆಲದ ಮೇಲೆ ಮತ್ತೆ ಉಂಟಾದೀತು. ಆದಕಾರಣ ಪರವಾನಗಿ ಒಂದೇ ಕೈಯಿಂದ ಬರಬೇಕು. 2022ರಲ್ಲಿ ವಿಧಾನಮಂಡಲ ಒಪ್ಪಿದ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯಿದೆ ಇಂಥ ಕೆಲಸಕ್ಕಾಗಿಯೇ ಹುಟ್ಟಿದ್ದು. ಎಡೆಯನ್ನು ಗುರುತಿಸುವ ಅಧಿಕಾರ ಮಾತ್ರ ವಾರ್ಡಿನವರೆಗೆ ಇಳಿಯಬೇಕು, ಏಕೆಂದರೆ ಯಾವ ಮೂಲೆಯಲ್ಲಿ ಶಾಲೆಯ ಮಕ್ಕಳು ದಾಟುತ್ತಾರೆಂಬುದು ಪ್ರಾಧಿಕಾರಕ್ಕೆ ತಿಳಿಯದು, ಆ ಬೀದಿಯವರಿಗೆ ತಿಳಿದಿರುತ್ತದೆ.

ಪರವಾನಗಿಯನ್ನು ಯಾರು ಕೊಟ್ಟರೂ ಅದು ಬಾಳಬೇಕಾದುದರಿಂದ, ನಿಯಮವನ್ನು ಬರೆದು ಹಿಂತೆಗೆಯುವ ಅಭ್ಯಾಸವನ್ನು ಕುರಿತು ಒಂದು ಮಾತು. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು ಘೋಷಿಸಿತು. 2024ರ ಮಾರ್ಚಿಯಲ್ಲಿ ಅದನ್ನು ರದ್ದುಮಾಡಿತು. ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆಟೋ ಚಾಲಕನ ಆತಂಕವೂ, ಬೈಕಿನವನ ಹಸಿವೂ ಎರಡೂ ಸತ್ಯವೇ ಆಗಿದ್ದವು. ಎರಡನ್ನೂ ಒಂದೇ ಮೇಜಿನ ಮುಂದೆ ಕೂಡಿಸಿ ಕೇಳುವ ತಾಳ್ಮೆ ಆರಂಭದಲ್ಲಿಯೇ ಇದ್ದಿದ್ದರೆ ಇಷ್ಟು ಕುಟುಂಬಗಳು ಅನಿಶ್ಚಯದಲ್ಲಿ ದಿನ ನೂಕಬೇಕಾಗಿರಲಿಲ್ಲ.

ಕಡೆಯದಾಗಿ, ಸವಾರನೇ ಬದಲಾಗಿದ್ದಾನೆ ಎಂಬುದನ್ನು ನಮ್ಮ ಚರ್ಚೆಗಳು ಇನ್ನೂ ಮನಗಂಡಿಲ್ಲ. ಮೆಟ್ರೋದಿಂದ ಇಳಿದು ಕಚೇರಿಗೆ ಹೋಗುವವನಿಗಾಗಿ ಬಂದ ಬಂಡಿಯನ್ನು ಇಂದು ದಿನಗಟ್ಟಲೆ, ವಾರಗಟ್ಟಲೆ ಬಾಡಿಗೆಗೆ ಹಿಡಿಯುತ್ತಿರುವವರು ಆಹಾರವನ್ನೂ ದಿನಸಿಯನ್ನೂ ಮನೆಮನೆಗೆ ಮುಟ್ಟಿಸುವ ಡೆಲಿವರಿ ಹುಡುಗರು. ಇದಕ್ಕಾಗಿಯೇ ಯುಲು ಸಂಸ್ಥೆ ಡೆಕ್ಸ್ ಎಂಬ ಬೇರೆ ಬಂಡಿಯನ್ನು ಮಾಡಿದೆ. ದಿನವಿಡೀ ಅದರ ಮೇಲೆ ಕುಳಿತಿರುವ, ಬ್ಯಾಟರಿ ಬದಲಿಸುವ ಕೇಂದ್ರದ ಮುಂದೆ ಸರತಿಯಲ್ಲಿ ನಿಲ್ಲುವ, ಗೋದಾಮಿನ ಬಾಗಿಲಲ್ಲಿ ಮುಂದಿನ ಆರ್ಡರಿಗಾಗಿ ಕಾಯುವ ಈ ಯುವಕನಿಗೆ ನಿಲ್ಲುವ ಎಡೆಯೆಂದರೆ ವಾಹನದ ಎಡೆ ಮಾತ್ರವಲ್ಲ, ನೆರಳು, ಕುಡಿಯುವ ನೀರು, ಶೌಚಾಲಯ. 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯಿದೆ ಅವನಿಗೆ ಕೆಲಸ ಹಂಚುವ ವೇದಿಕೆಗಳ ಮೇಲೆ ಕಲ್ಯಾಣ ಶುಲ್ಕವನ್ನು ವಿಧಿಸಿದೆ, ಅದು ಸಂತೋಷದ ವಿಷಯ. ಅವನಿಗೂ ಬಂಡಿಯನ್ನು ಬಾಡಿಗೆಗೆ ಬಿಡುವ ಸಂಸ್ಥೆಗೂ ನಡುವಣ ಲೆಕ್ಕವನ್ನು ಪರವಾನಗಿಯೇ ನೋಡಿಕೊಳ್ಳಬೇಕು. ಬಂಡಿ ಕೆಟ್ಟ ದಿನದ ಬಾಡಿಗೆಯನ್ನು ವಸೂಲು ಮಾಡಕೂಡದು. ಠೇವಣಿ ಪ್ರತ್ಯೇಕ ಖಾತೆಯಲ್ಲಿರಬೇಕು. ಬ್ಯಾಟರಿ ಕೇಂದ್ರವಿರುವ ಕಡೆಯೆಲ್ಲ ನೆರಳು, ನೀರು ಇರಬೇಕು. ಸವಾರನ ಅಪಘಾತ ವಿಮೆಯ ಕಾಗದ ಅವನ ಕೈಗೆ ಕನ್ನಡದಲ್ಲಿಯೂ ಅವನು ಬಲ್ಲ ಭಾಷೆಯಲ್ಲಿಯೂ ಸಿಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೃಷ್ಣರಾಜಪುರ ನಿಲ್ದಾಣಗಳ ಹೊರಗೆ ಒಂದೊಂದು ಸ್ಟ್ಯಾಂಡನ್ನು ಈ ಷರತ್ತುಗಳೊಡನೆ ತೆರೆಯುವುದಕ್ಕೆ, ಎರಡು ಪಾಲಿಕೆಗಳ ಅಧಿಕಾರಿಗಳೂ ಮೆಟ್ರೋ ನಿಗಮದವರೂ ಒಂದು ಬೆಳಗ್ಗೆ ಆ ದಾರಿಯನ್ನು ಒಟ್ಟಿಗೆ ನಡೆದು ಬಂದು, ನೆಲದ ಮೇಲೆ ಗೆರೆ ಹಾಕಿದರೆ ಆರಂಭಕ್ಕೆ ಅಷ್ಟು ಸಾಕು.