ಮೆಕ್ಯಾನಿಕಲ್‌ನಲ್ಲಿ ಎಂ.ಟೆಕ್: ಎರಡು ವರ್ಷ ಕೊಡಬಹುದಾ?

ಬಿ.ಇ. ಮೆಕ್ಯಾನಿಕಲ್ ಕೊನೇ ವರ್ಷದಲ್ಲಿರೋರು ನನ್ನ ಹತ್ರ ಪದೇ ಪದೇ ಕೇಳೋ ಪ್ರಶ್ನೆ ಒಂದೇ: 'ಅಣ್ಣಾ, ಎಂ.ಟೆಕ್ ಮಾಡ್ಲಾ, ಬೇಡ್ವಾ?' ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ನನಗೆ ಬರಲ್ಲ. ನನಗೆ ಏನಾಯ್ತು ಅಂತ ಹೇಳ್ತೀನಿ, ನೀವೇ ತೂಗಿ ನೋಡಿ.

ನಮ್ಮಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಲೇತ್ ಆಪರೇಟರ್. ನಾನು ಮೆಕ್ಯಾನಿಕಲ್ ತಗೊಂಡಾಗ ಅವರಿಗೆ ಎಲ್ಲಿಲ್ಲದ ಖುಷಿ. ಆದ್ರೆ ಕ್ಯಾಂಪಸ್‌ನಲ್ಲಿ ನನಗೆ ಸಿಕ್ಕಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಒಂದೂವರೆ ವರ್ಷ ಮಾಡಿದೆ. ಕೆಲಸ ಕೆಟ್ಟದ್ದೇನಲ್ಲ, ಸಂಬಳ ಸರಿಯಾಗಿ ಬರ್ತಿತ್ತು, ಮನೆ ಸಾಲದ ಕಂತಿಗೂ ಸಹಾಯ ಆಗ್ತಿತ್ತು. ಆದ್ರೆ ನಾಲ್ಕು ವರ್ಷ ಓದಿದ ಥರ್ಮೋಡೈನಮಿಕ್ಸ್ ನನ್ನ ಜೀವನದಿಂದ ಪೂರ್ತಿ ಹೊರಟೇಹೋಗಿತ್ತು. ಗೇಟ್ ಬರೀತೀನಿ ಅಂದಾಗ ಅಮ್ಮ ಕೇಳಿದ್ದು ಇಷ್ಟೇ: 'ಬರೋ ದುಡ್ಡು ಬಿಟ್ಟು ಮತ್ತೆ ಓದಕ್ಕೆ ಹೋಗ್ತೀಯಾ?' ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಗೇಟ್ ಮೂರು ಗಂಟೆಯ ಪರೀಕ್ಷೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, ಮೆಕ್ಯಾನಿಕಲ್ ಪೇಪರ್‌ನಲ್ಲಿ ಸುಮಾರು 13 ಗಣಿತಕ್ಕೆ, ಉಳಿದದ್ದು ವಿಷಯಕ್ಕೆ. ಅಂದ್ರೆ ಕಾಲುಭಾಗಕ್ಕಿಂತ ಹೆಚ್ಚು ಅಂಕ ಮಷಿನ್ ಡಿಸೈನ್ ಪುಸ್ತಕ ಮುಟ್ಟದೇ ಬರತ್ತೆ. ಬಹಳ ಜನ ಇದನ್ನೇ ಕೊನೆಗೆ ಇಟ್ಕೊಳ್ತಾರೆ, ನಾನೂ ಇಟ್ಕೊಂಡಿದ್ದೆ. ಬಹು ಆಯ್ಕೆ ಪ್ರಶ್ನೆ ತಪ್ಪಾದ್ರೆ ಅಂಕ ಕಳೀತಾರೆ, ಸಂಖ್ಯೆ ಟೈಪ್ ಮಾಡೋ ಪ್ರಶ್ನೆಗೆ ಕಳೆಯಲ್ಲ. ಸ್ಕೋರು ಮೂರು ವರ್ಷ ನಡೆಯತ್ತೆ. ಐಐಟಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಜಿ, ಎನ್‌ಐಟಿಗಳಿಗೆ ಸಿಸಿಎಂಟಿ ಕೌನ್ಸೆಲಿಂಗ್, ನಮ್ಮ ರಾಜ್ಯದ ಕಾಲೇಜುಗಳಿಗೆ ಕೆಇಎ ನಡೆಸೋ ಪಿಜಿಸಿಇಟಿ ದಾರಿ ಇದೆ. ಗೇಟ್ ಅರ್ಹತೆಯ ಮೇಲೆ ಸೇರಿ ಸ್ಟೈಪೆಂಡ್ ಸಿಕ್ಕಿದ್ರೆ ತಿಂಗಳಿಗೆ 12,400 ರೂಪಾಯಿ. ಮೆಸ್, ಓಡಾಟ, ಮೊಬೈಲ್ ರೀಚಾರ್ಜ್ ಅದರಲ್ಲೇ. ಮನೆಗೆ ಕಳಿಸೋಕೆ ಏನೂ ಉಳಿಯಲ್ಲ. ಈ ಲೆಕ್ಕವನ್ನ ಮನೆಯಲ್ಲಿ ಮೊದಲೇ ಕೂತು ಮಾತಾಡಿ, ಆಮೇಲೆ ಜಗಳ ಬೇಡ.

ನಾನು ಸೇರಿದ್ದು ಥರ್ಮಲ್ ವಿಭಾಗಕ್ಕೆ. ಮೊದಲ ವರ್ಷ ಪೂರ್ತಿ ಕ್ಲಾಸು: ಫ್ಲೂಯಿಡ್, ಹೀಟ್ ಟ್ರಾನ್ಸ್‌ಫರ್, ನ್ಯೂಮರಿಕಲ್ ಮೆಥಡ್ಸ್. ಬಿ.ಇ.ಯಲ್ಲಿ ಬಾಯಿಪಾಠ ಮಾಡಿದ್ದ ಸೂತ್ರಗಳನ್ನ ಇಲ್ಲಿ ಬುಡದಿಂದ ಬಿಡಿಸ್ಬೇಕು. ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ ಬಂದಿದ್ದು 20ಕ್ಕೆ 6. ಇನ್ನು ಎರಡನೇ ವರ್ಷ ಬಹುಪಾಲು ಪ್ರಾಜೆಕ್ಟು. ಅಸಲಿ ಎಂ.ಟೆಕ್ ಶುರುವಾಗೋದು ಅಲ್ಲೇ.

ನನ್ನ ಪ್ರಾಜೆಕ್ಟು ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ತಣ್ಣಗಿಡೋ ಪ್ಲೇಟು. ಅಲ್ಯೂಮಿನಿಯಂ ಪ್ಲೇಟಿನೊಳಗೆ ಸಣ್ಣ ಸಣ್ಣ ಕಾಲುವೆ, ಅದರಲ್ಲಿ ನೀರು ಹರಿಯತ್ತೆ, ಬ್ಯಾಟರಿಯ ಬಿಸಿಯನ್ನ ಹೊತ್ಕೊಂಡು ಹೋಗತ್ತೆ. ಕಾಲುವೆಗೆ ಯಾವ ಆಕಾರ ಕೊಟ್ರೆ ಚೆನ್ನಾಗಿ ತಣ್ಣಗಾಗತ್ತೆ ಅನ್ನೋದು ಪ್ರಶ್ನೆ. ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡಿದೆ. ನಾಲ್ಕು ತಿಂಗಳ ಕೆಲಸ. ನನ್ನ ಡಿಸೈನು ಹಳೆ ಡಿಸೈನಿಗಿಂತ ತುಂಬಾ ತಣ್ಣಗಿತ್ತು. ಕೆಂಪು, ಹಳದಿ, ನೀಲಿ ಚಿತ್ರಗಳು ನೋಡೋಕೆ ಹಬ್ಬ. ರೆಸ್ಯೂಮೆಯಲ್ಲಿ ಹಾಕಿದೆ. ಪ್ಲೇಸ್‌ಮೆಂಟ್ ಶುರುವಾಗೋಕೆ ಮೂರು ವಾರ ಇತ್ತು.

ಗೈಡ್ ಮೇಡಂ ಚಿತ್ರಗಳನ್ನ ನೋಡಿ ಒಂದೇ ಮಾತು ಕೇಳಿದ್ರು: 'ಎನರ್ಜಿ ಬ್ಯಾಲೆನ್ಸ್ ಮಾಡಿದ್ದೀರಾ?' 'ಮಾಡಿದೀನಿ ಮೇಡಂ' ಅಂದೆ. ಮಾಡಿರಲಿಲ್ಲ.

ರಾತ್ರಿ ರೂಮಿಗೆ ಬಂದು ಒಂದು ಹಾಳೆ ತಗೊಂಡೆ. ಪ್ಲೇಟಿಗೆ ನಾನು ಕೊಟ್ಟಿದ್ದು 200 ವ್ಯಾಟ್ ಬಿಸಿ. ನೀರು ನಿಮಿಷಕ್ಕೆ ಅರ್ಧ ಲೀಟರ್. ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಏರೋಕೆ ಸುಮಾರು 4,180 ಜೂಲ್ ಬೇಕು. ಲೆಕ್ಕ ಹಾಕಿದ್ರೆ ನೀರು ಹೊರಗೆ ಬರೋವಾಗ 5.7 ಡಿಗ್ರಿ ಹೆಚ್ಚು ಬಿಸಿ ಇರ್ಬೇಕು. ನನ್ನ ಸಿಮ್ಯುಲೇಶನ್‌ನಲ್ಲಿ ಏರಿದ್ದು 3.8 ಡಿಗ್ರಿ. ಅಂದ್ರೆ ನೀರು ಹೊತ್ಕೊಂಡು ಹೋಗಿದ್ದು 132 ವ್ಯಾಟ್. ಉಳಿದ 68 ವ್ಯಾಟ್ ಎಲ್ಲಿಗೆ ಹೋಯ್ತು?

ಬೆಳಗಿನ ಜಾವ ಸಿಕ್ತು. ಪ್ಲೇಟಿನ ಪಕ್ಕದ ಗೋಡೆಗಳಿಂದ ಬಿಸಿ ಹೊರಗೆ ಹೋಗಲ್ಲ ಅಂತ ಸೆಟ್ ಮಾಡ್ಬೇಕಿತ್ತು. ಹಳೆ ಫೈಲಿಂದ ಕಾಪಿ ಮಾಡುವಾಗ ಒಂದು ಗೋಡೆಯನ್ನ '25 ಡಿಗ್ರಿಯಲ್ಲೇ ಇರಲಿ' ಅಂತ ಬಿಟ್ಟಿದ್ದೆ. ಬಿಸಿ ಎಲ್ಲಾ ಆ ಗೋಡೆಯಿಂದ ಸೋರಿ ಹೋಗ್ತಿತ್ತು. ಪ್ಲೇಟು ತಣ್ಣಗಿದ್ದಿದ್ದು ನನ್ನ ಡಿಸೈನಿಂದ ಅಲ್ಲ, ನನ್ನ ತಪ್ಪಿಂದ.

ನಿಜ ಹೇಳ್ತೀನಿ, ಸುಮ್ನಿದ್ದು ಬಿಡೋಣ ಅಂತ ಎರಡು ದಿನ ಯೋಚಿಸಿದೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ಮೂರನೇ ದಿನ ಮೇಡಂ ರೂಮಿಗೆ ಹೋಗಿ ಹಾಳೆ ಇಟ್ಟೆ. 'ಮೇಡಂ, ಅವತ್ತು ಸುಳ್ಳು ಹೇಳಿದ್ದೆ' ಅಂದೆ. ಅವರು ಹಾಳೆ ಪೂರ್ತಿ ಓದಿದ್ರು. 'ರೆಸ್ಯೂಮೆಯಿಂದ ಆ ಸಾಲು ಇವತ್ತೇ ತೆಗೀರಿ. ನಾಳೆಯಿಂದ ಮತ್ತೆ ಶುರು ಮಾಡೋಣ' ಅಂದ್ರು. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಎಲ್ಲಾ ರನ್ ಮತ್ತೆ ಮಾಡಿದೆ. ಈ ಸಲ ಪ್ರಯೋಗಕ್ಕೂ ಹೋಗೋಣ ಅಂತ ಪ್ಲೇಟಿನ ಡ್ರಾಯಿಂಗ್ ತಗೊಂಡು ವರ್ಕ್‌ಶಾಪ್‌ಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ನೋಡಿ ನಕ್ಕರು: 'ತಮ್ಮಾ, ಕಾಲುವೆ ಒಳಗೆ ಇಷ್ಟು ಚೂಪು ಮೂಲೆ ಹಾಕಿದ್ದೀಯಲ್ಲ, ಕಟರ್ ದುಂಡಗಿರತ್ತೆ, ಇದನ್ನ ಹೆಂಗೆ ಕಡೀಲಿ?' ನಮ್ಮಪ್ಪ ಮೂವತ್ತು ವರ್ಷದಿಂದ ಮಾಡ್ತಿರೋ ಕೆಲಸ ಅದು, ನನಗೆ ಹೊಳೆದೇ ಇರಲಿಲ್ಲ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಡ್ರಾಯಿಂಗ್ ವಾಟ್ಸಾಪ್ ಮಾಡಿದೆ. ಮೊದಲ ಸಲ ನನ್ನ ಓದಿನ ಬಗ್ಗೆ ನಾವಿಬ್ಬರೂ ಒಂದು ಗಂಟೆ ಮಾತಾಡಿದ್ವಿ.

ಕೊನೆಗೆ ಬಂದ ಫಲಿತಾಂಶ? ನನ್ನ ಡಿಸೈನು ಸ್ವಲ್ಪ ಮಾತ್ರ ಉತ್ತಮ, ಅದೂ ಪಂಪಿಗೆ ಹೆಚ್ಚು ಹೊರೆ ಹಾಕಿದ ಮೇಲೆ. ಥೀಸಿಸ್‌ನಲ್ಲಿ ಹಾಗೇ ಬರೆದೆ. ಮೊದಲ ಎರಡು ಕಂಪನಿ ನನ್ನನ್ನ ತಗೊಳ್ಳಲಿಲ್ಲ. ಮೂರನೇದರಲ್ಲಿ ಪ್ರಾಜೆಕ್ಟ್‌ನಲ್ಲಿ ಏನು ತಪ್ಪಾಯ್ತು ಅಂತ ಕೇಳಿದ್ರು. 68 ವ್ಯಾಟ್ ಕಥೆ ಹೇಳಿದೆ. ಕೆಲಸ ಸಿಕ್ತು. ಸಂಬಳ ಸಾಫ್ಟ್‌ವೇರ್‌ನಲ್ಲೇ ಉಳಿದ ಗೆಳೆಯನಿಗಿಂತ ಇವತ್ತಿಗೂ ಕಡಿಮೆ. ಅದನ್ನ ಮುಚ್ಚಿಟ್ಟು ನಿಮಗೆ ಎಂ.ಟೆಕ್ ಮಾಡಿ ಅನ್ನೋದು ಮೋಸ ಆಗತ್ತೆ.

ಹಾಗಾದ್ರೆ ಯಾರು ಮಾಡ್ಬೇಕು? ಕೆಲಸ ಸಿಗಲಿಲ್ಲ, ಎರಡು ವರ್ಷ ತಳ್ಳೋಣ ಅಂತ ಇದ್ರೆ ಬೇಡ. ಮುಗಿಸಿ ಸಾಫ್ಟ್‌ವೇರ್‌ಗೇ ಹೋಗೋದಾದ್ರೂ ಬೇಡ. ಡಿಸೈನ್, ಥರ್ಮಲ್, ಮ್ಯಾನುಫ್ಯಾಕ್ಚರಿಂಗ್ ಇದರಲ್ಲಿ ಒಂದು ವಿಷಯ ನಿಮ್ಮನ್ನ ಕಾಡ್ತಿದ್ರೆ ಬನ್ನಿ. ಸೀಟು ತಗೊಳ್ಳೋ ಮುಂಚೆ ಮಾತ್ರ ಮೂರು ಕೆಲಸ ಮಾಡಿ. ಆ ವಿಭಾಗದ ಹಿಂದಿನ ಎರಡು ವರ್ಷದ ಥೀಸಿಸ್ ಶೀರ್ಷಿಕೆಗಳನ್ನ ಓದಿ. ಲ್ಯಾಬಲ್ಲಿ ಯಂತ್ರಗಳು ನಡೀತಿವೆಯಾ, ಬೀಗ ಹಾಕಿದ್ದಾರಾ ಅಂತ ಸೀನಿಯರ್‌ಗೆ ಫೋನ್ ಮಾಡಿ ಕೇಳಿ. ಪ್ಲೇಸ್‌ಮೆಂಟ್ ಅಂಕಿ ಇಡೀ ಕಾಲೇಜಿನದ್ದಲ್ಲ, ನಿಮ್ಮ ಎಂ.ಟೆಕ್ ವಿಭಾಗದ್ದೇ ಕೇಳಿ.

ಅಮ್ಮನ ಪ್ರಶ್ನೆಗೆ ಈಗಲೂ ದುಡ್ಡಿನ ಲೆಕ್ಕದಲ್ಲಿ ಉತ್ತರ ಕೊಡೋಕೆ ನನಗೆ ಆಗಲ್ಲ. ಆದ್ರೆ ಹೋದ ತಿಂಗಳು ಆಫೀಸಲ್ಲಿ ಒಬ್ಬ ಹೊಸ ಹುಡುಗ ಚೆಂದದ ಬಣ್ಣದ ಚಿತ್ರ ತಂದು ತೋರಿಸಿದ. ಒಂದು ಖಾಲಿ ಹಾಳೆ ಅವನ ಮುಂದೆ ತಳ್ಳಿದೆ. 'ಕೂತ್ಕೋ, ಬಿಸಿ ಎಲ್ಲಿಗೆ ಹೋಯ್ತು ನೋಡೋಣ' ಅಂದೆ.

ಗೇಟ್‌ಗೆ ಓದ್ತಿರೋ ಗೆಳೆಯರಿದ್ರೆ ಅವರಿಗೂ ಇದನ್ನ ಕಳಿಸಿ. ಮತ್ತೆ ಸಿಗೋಣ.