ಕಿವಿಯ ಹಿಂದಿನ ಮೂಳೆ

ಕೈ ಬಿಡುವಾಗಿದ್ದರೆ ಬಲಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಬಾಯಿ ತೆರೆಯದೆ 'ಹ್ಞೂಂ' ಎಂದು ಎಳೆದು ಗುನುಗಿ. ದನಿ ಮುಚ್ಚಿದ ಕಿವಿಯಲ್ಲೇ ಗಟ್ಟಿಯಾಗಿ ಕೇಳುತ್ತದೆ, ಅಲ್ಲವೇ? ಗಂಟಲಿನ ಕಂಪನ ತಲೆಬುರುಡೆಯ ಮೂಳೆಯನ್ನೇ ಹಿಡಿದು ಕಿವಿಗೆ ಬಂತು. ಹೊರಹೋಗುವ ಬಾಗಿಲು ಮುಚ್ಚಿದ್ದರಿಂದ ಅಲ್ಲೇ ತುಂಬಿಕೊಂಡಿತು. ಧ್ವನಿಮುದ್ರಣದಲ್ಲಿ ನಮ್ಮ ದನಿ ತೆಳ್ಳಗೆ, ಬೇರೆ ಯಾರದೋ ಎನ್ನುವಂತೆ ಕೇಳುವುದೂ ಇದರಿಂದಲೇ. ಮೂಳೆ ಸೇರಿಸುವ ಪಾಲು ಅದರಲ್ಲಿ ಇರುವುದಿಲ್ಲ.

ತಲೆಬುರುಡೆಯಲ್ಲಿ ಕಣತಲೆಯಿಂದ ಕಿವಿಯ ಹಿಂದಿನ ಉಬ್ಬಿನವರೆಗೆ ಹರಡಿಕೊಂಡಿರುವ ಮೂಳೆಯ ಹೆಸರು ಶಂಖಾಸ್ಥಿ. ವೈದ್ಯರ ಬಾಯಲ್ಲಿ ಟೆಂಪೊರಲ್ ಬೋನ್. ಅದರ ಒಳತುದಿ ಕಲ್ಲಿನಂತೆ ಗಟ್ಟಿ. ಸಾವಿರಾರು ವರ್ಷ ಹಳೆಯ ಅಸ್ಥಿಪಂಜರದಲ್ಲಿ ಡಿಎನ್ಎ ಹುಡುಕುವವರು ಮೊದಲು ಕೈಹಾಕುವುದು ಈ ತುದಿಗೇ.

ಅಷ್ಟು ಗಟ್ಟಿ ಮನೆಯೊಳಗೆ ಇರುವುದೆಲ್ಲ ಬಲು ನಾಜೂಕು. ಕಿವಿತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿ, ಅಂದರೆ ನಡುಗಿವಿಯಲ್ಲಿ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ತಗುಲಿಕೊಂಡಿವೆ. ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರ್. ತೂಕ ಹೆಚ್ಚುಕಡಿಮೆ ಒಂದು ರಾಗಿಕಾಳಿನಷ್ಟು! ಇವು ಏಕೆ ಬೇಕು? ಒಳಗಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ. ತಮಟೆಯ ವಿಸ್ತೀರ್ಣ ರಿಕಾಪಿನ ಪಾದದ ಸುಮಾರು 17 ಪಟ್ಟು. ಮೊಳೆಯ ತಲೆಯ ಮೇಲೆ ಬಿದ್ದ ಪೆಟ್ಟು ಚೂಪಾದ ತುದಿಯಲ್ಲಿ ಒಟ್ಟಾಗುವಂತೆ, ಅಗಲವಾಗಿ ಬಂದ ಒತ್ತಡ ಇಲ್ಲಿ ಒಂದು ಬಿಂದುವಿಗೆ ಕೂಡಿಕೊಂಡು ದ್ರವವನ್ನು ತಳ್ಳುತ್ತದೆ.

ಶಂಖಾಸ್ಥಿಯೊಳಗೆ ನಿಜಕ್ಕೂ ಒಂದು ಶಂಖವಿದೆ. ಒಳಗಿವಿಯ ಎರಡೂವರೆ ಸುತ್ತಿನ ಆ ಸುರುಳಿ ಮಗು ಹುಟ್ಟುವಾಗಲೇ ದೊಡ್ಡವರಲ್ಲಿರುವಷ್ಟು ದೊಡ್ಡದು. ಅದರಲ್ಲಿರುವ ಸುಮಾರು 15,000 ರೋಮಕೋಶಗಳು ಕಂಪನವನ್ನು ನರಕ್ಕೆ ದಾಟಿಸುತ್ತವೆ. ಸತ್ತುಹೋದ ಒಂದು ಕೋಶವೂ ಮತ್ತೆ ಹುಟ್ಟುವುದಿಲ್ಲ.

ಇನ್ನು ಕಿವಿಯ ಹಿಂದಿನ ಉಬ್ಬನ್ನು ಮುಟ್ಟಿ ನೋಡಿಕೊಳ್ಳಿ. ಹೊರಗೆ ಗಟ್ಟಿ, ಒಳಗೆ ಜೇನುಹಲ್ಲೆಯಂತೆ ಗಾಳಿಗೂಡುಗಳು. ನಡುಗಿವಿಯ ಕೀವು ಇಲ್ಲಿಗೆ ಹಬ್ಬಬಲ್ಲದು. ಇಲ್ಲಿಂದ ಮಿದುಳಿಗೆ ಅಡ್ಡವಿರುವುದು ಒಂದು ತೆಳು ಮೂಳೆಗೋಡೆ ಮಾತ್ರ. 'ಮಕ್ಕಳ ಕಿವಿ ಸೋರುವುದು ಸಹಜ, ದೊಡ್ಡವರಾದ ಮೇಲೆ ನಿಲ್ಲುತ್ತದೆ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ತಾಯಂದಿರೇ, ಅಜ್ಜಿಯರೇ, ಸೋರುವ ಕಿವಿಗೆ ಎಣ್ಣೆ ಕಾಯಿಸಿ ಬಿಡಬೇಡಿ, ವೈದ್ಯರಿಗೆ ತೋರಿಸಿ. ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿ ಮುಂದಕ್ಕೆ ಬಾಗಿ ನಿಂತಿದ್ದರೆ ನಾಳೆಗೆಂದು ಕಾಯದೆ ಆಗಲೇ ಮಗುವನ್ನು ಎತ್ತಿಕೊಂಡು ಹೊರಡಿ.